ಮುಂಬೈ, ನಾಗಪುರ, ಪರ್ವರಿ: ನಾವು ಆರಿಸಿದ ಸದನ ಯಾವಾಗ ಕೂರುತ್ತದೆ, ಹೇಗೆ ನಡೆಯುತ್ತದೆ

ಡಿಸೆಂಬರ್ ಬಂತೆಂದರೆ ಮುಂಬೈಯಲ್ಲಿರುವ ರಾಜ್ಯ ಸರ್ಕಾರದ ಮುಖ್ಯ ಕಚೇರಿ ‘ಮಂತ್ರಾಲಯ’ ಅರ್ಧ ಖಾಲಿ. ಮುಖ್ಯಮಂತ್ರಿ, ಮಂತ್ರಿಗಳು, ಕಾರ್ಯದರ್ಶಿಗಳು, ಪತ್ರಕರ್ತರು, ಕಡತಗಳ ಪೆಟ್ಟಿಗೆಗಳು ಎಲ್ಲವೂ ಸುಮಾರು 800 ಕಿಲೋಮೀಟರ್ ದೂರದ ನಾಗಪುರಕ್ಕೆ ಹೊರಡುತ್ತವೆ. ಅಲ್ಲಿ ಮುಖ್ಯಮಂತ್ರಿಗೆ ‘ರಾಮಗಿರಿ’ ಬಂಗಲೆ, ಶಾಸಕರಿಗೆ ಆಮದಾರ ನಿವಾಸ. ಊರ ತುಂಬ ಪೊಲೀಸರು, ಮೋರ್ಚಾಗಳು, ಘೋಷಣೆಗಳು. ಮಹಾರಾಷ್ಟ್ರದ ಶಾಸನಸಭೆಯ ಚಳಿಗಾಲದ ಅಧಿವೇಶನ ನಡೆಯುವುದು ಅಲ್ಲೇ.

ಈ ಪದ್ಧತಿಗೆ ಒಂದು ಹಳೆಯ ಮಾತು ಕಾರಣ. 1956ರವರೆಗೆ ನಾಗಪುರ ಮಧ್ಯಪ್ರದೇಶದ ರಾಜಧಾನಿಯಾಗಿತ್ತು. ಮರಾಠಿ ಮಾತಾಡುವ ಪ್ರದೇಶಗಳೆಲ್ಲ ಒಂದೇ ರಾಜ್ಯವಾಗಬೇಕು ಎಂಬ ಚರ್ಚೆ ನಡೆದಾಗ ನಾಗಪುರದ ಸುತ್ತಿನ ವಿದರ್ಭ ಪ್ರದೇಶದ ನಾಯಕರಿಗೆ ಒಂದು ಅಳುಕಿತ್ತು: ಮುಂಬೈ, ಪುಣೆಗಳ ಮುಂದೆ ನಮ್ಮ ಮಾತು ನಡೆಯುತ್ತದೆಯೇ? 1953ರ ಸೆಪ್ಟೆಂಬರ್ 28ರಂದು ಆದ ನಾಗಪುರ ಒಪ್ಪಂದದಲ್ಲಿ ಅದಕ್ಕೆ ಉತ್ತರ ಬರೆದರು. ವರ್ಷದಲ್ಲಿ ಇಷ್ಟು ಕಾಲ ಸರ್ಕಾರ ನಾಗಪುರದಿಂದ ಕೆಲಸ ಮಾಡಬೇಕು, ಕನಿಷ್ಠ ಒಂದು ಅಧಿವೇಶನ ಅಲ್ಲಿ ಆಗಬೇಕು ಅಂತ. 1960ರ ಮೇ 1ರಂದು ಮಹಾರಾಷ್ಟ್ರ ಹುಟ್ಟಿದ ಮೇಲೆ ಆ ಮಾತು ಹೆಚ್ಚುಕಡಿಮೆ ಉಳಿದುಕೊಂಡು ಬಂದಿದೆ. ಕೋವಿಡ್ ಕಾಲದಲ್ಲಿ ಎರಡು ವರ್ಷ ತಪ್ಪಿ, 2022ರಲ್ಲಿ ಮತ್ತೆ ಶುರುವಾಯಿತು.

ಮಹಾರಾಷ್ಟ್ರ, ಗೋವಾಗಳಲ್ಲಿ ನೆಲೆಸಿ ಮನೆಯಲ್ಲಿ ಕನ್ನಡ ಸುದ್ದಿ ನೋಡುವ ನಮಗೆ ಇದು ಬೆಳಗಾವಿಯ ನೆನಪು ತರುತ್ತದೆ, ಅಲ್ವಾ? ಸುವರ್ಣ ವಿಧಾನಸೌಧ 2012ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಯಿತು. ಅಲ್ಲಿಯೂ ಚಳಿಗಾಲದ ಅಧಿವೇಶನವೇ. 2022ರ ಡಿಸೆಂಬರ್‌ನಲ್ಲಂತೂ ಎರಡೂ ರಾಜ್ಯಗಳ ಸದನಗಳು ಒಂದೇ ಹೊತ್ತಿಗೆ ಕೂತಿದ್ದವು. 22ರಂದು ಬೆಳಗಾವಿಯಲ್ಲಿ ಗಡಿ ಬಗ್ಗೆ ನಿರ್ಣಯ, 27ರಂದು ನಾಗಪುರದಲ್ಲಿ ಅದಕ್ಕೆ ಎದುರಾಗಿ ಇನ್ನೊಂದು. ಎರಡೂ ಸರ್ವಾನುಮತದವು. ಆ ವಾರ ಮುಂಬೈ, ಪುಣೆ, ಸೊಲ್ಲಾಪುರದ ಕನ್ನಡಿಗರ ಫೋನುಗಳಿಗೆ ಬಿಡುವಿರಲಿಲ್ಲ. ಮಹಾರಾಷ್ಟ್ರದ ಗಡಿಯ ಅಕ್ಕಲಕೋಟೆ, ಜತ್ತ ಈಗ ಕರ್ನಾಟಕಕ್ಕೆ ಸೇರಿಬಿಡುತ್ತವಾ, ಬೆಳಗಾವಿ ಹೋಗಿಬಿಡುತ್ತದಾ ಅಂತ ಕೇಳಿದವರು ಎಷ್ಟೋ ಮಂದಿ. ನಿರ್ಣಯ ಎಂದರೆ ಸದನ ತನ್ನ ಅಭಿಪ್ರಾಯವನ್ನು ದಾಖಲು ಮಾಡುವುದು, ಅಷ್ಟೇ. ಅದರಿಂದ ಯಾವ ಹಳ್ಳಿಯೂ ಗಡಿ ದಾಟುವುದಿಲ್ಲ. ರಾಜ್ಯಗಳ ಗಡಿ ಬದಲಾಯಿಸುವ ಅಧಿಕಾರ ಇರುವುದು ಸಂಸತ್ತಿಗೆ. ಇಷ್ಟು ಗೊತ್ತಿದ್ದಿದ್ದರೆ ಆ ವಾರದ ಆತಂಕ ಎಷ್ಟೋ ಕಡಿಮೆಯಾಗುತ್ತಿತ್ತು.

ನಮ್ಮಲ್ಲಿ ಬಹಳ ಜನಕ್ಕೆ ಕರ್ನಾಟಕದ ರಾಜಕೀಯ ಬಾಯಿಪಾಠ, ನಾವು ಓಟು ಹಾಕುವ ರಾಜ್ಯದ ಸದನ ಅಪರಿಚಿತ. ಆದರೆ ನಮ್ಮ ದಿನದ ಬದುಕನ್ನು ಮುಟ್ಟುವ ಕಾನೂನುಗಳು ಆಗುವುದು ಇಲ್ಲೇ. 2020ರ ಬಜೆಟ್ ಅಧಿವೇಶನದಲ್ಲಿ ಒಂದು ಮಸೂದೆ ಪಾಸಾಯಿತು. ಒಂದರಿಂದ ಹತ್ತನೇ ಕ್ಲಾಸಿನವರೆಗೆ ಎಲ್ಲ ಬೋರ್ಡಿನ, ಎಲ್ಲ ಮಾಧ್ಯಮದ ಶಾಲೆಗಳಲ್ಲೂ ಮರಾಠಿ ಕಲಿಸುವುದು ಕಡ್ಡಾಯವಾಯಿತು. ತಪ್ಪಿದ ಶಾಲೆಯ ಆಡಳಿತಕ್ಕೆ ಒಂದು ಲಕ್ಷ ರೂಪಾಯಿವರೆಗೆ ದಂಡ. ಮುಂಬೈಯ ಕನ್ನಡ ಶಾಲೆಗೂ ಅದೇ ನಿಯಮ. 2022ರ ಮಾರ್ಚ್‌ನಲ್ಲಿ ಅಂಗಡಿಗಳ ಕಾನೂನು ತಿದ್ದುಪಡಿಯಾಯಿತು. ಹತ್ತಕ್ಕಿಂತ ಕಡಿಮೆ ಕೆಲಸಗಾರರಿರುವ ಅಂಗಡಿಗೂ ದೇವನಾಗರಿಯಲ್ಲಿ ಮರಾಠಿ ಬೋರ್ಡು ಬೇಕು, ಅದರ ಅಕ್ಷರ ಬೇರೆ ಭಾಷೆಯ ಅಕ್ಷರಕ್ಕಿಂತ ಚಿಕ್ಕದಿರಬಾರದು ಎಂದಾಯಿತು. ಸಣ್ಣ ಉಡುಪಿ ಹೋಟೆಲಿನವರೂ ಬೋರ್ಡು ಬದಲಿಸಿದರು. ಬೋರ್ಡು ಬದಲಿಸುವ ಹೊತ್ತಿಗೆ ಸದನದ ಚರ್ಚೆ ಮುಗಿದು ಹೋಗಿತ್ತು. ಚರ್ಚೆ ನಡೆಯುವಾಗಲೇ ನಮಗೆ ಗೊತ್ತಿರಬೇಕು ಅನ್ನುವುದು ನನ್ನ ಆಸೆ. ಅದಕ್ಕೆ ಸದನದಲ್ಲಿ ಯಾರಿರುತ್ತಾರೆ, ಅದು ಯಾವಾಗ ಕೂರುತ್ತದೆ ಎನ್ನುವುದು ತಿಳಿದಿರಬೇಕು.

ಮೊದಲು ಯಾರಿರುತ್ತಾರೆ ಎನ್ನುವುದು. ಸಂವಿಧಾನದ 168ನೇ ವಿಧಿಯ ಪ್ರಕಾರ ರಾಜ್ಯದ ಶಾಸನಸಭೆ ಎಂದರೆ ರಾಜ್ಯಪಾಲರು ಮತ್ತು ಸದನಗಳು ಸೇರಿ. ಮಹಾರಾಷ್ಟ್ರದಲ್ಲಿ ಸದನ ಎರಡು. ವಿಧಾನಸಭೆಯಲ್ಲಿ 288 ಜನ, ನಾವು ನೇರವಾಗಿ ಆರಿಸಿದವರು. ಅದರಲ್ಲಿ 29 ಸ್ಥಾನ ಪರಿಶಿಷ್ಟ ಜಾತಿಗೆ, 25 ಪರಿಶಿಷ್ಟ ಪಂಗಡಕ್ಕೆ ಮೀಸಲು. ಮುಂಬೈಗೆ 36 ಸ್ಥಾನ, ಪುಣೆ ಜಿಲ್ಲೆಗೆ 21. ಕರ್ನಾಟಕದ 224ಕ್ಕೆ ಹೋಲಿಸಿದರೆ ದೊಡ್ಡ ಸದನ. ಅವಧಿ ಐದು ವರ್ಷ. ನಾರಿಮನ್ ಪಾಯಿಂಟ್‌ನ ಈಗಿನ ವಿಧಾನ ಭವನ 1981ರದ್ದು.

ಮಂತ್ರಿಗಳು ಸಾಮಾನ್ಯವಾಗಿ ಈ ಸದನಗಳ ಒಳಗಿನವರೇ. ಎಷ್ಟು ಜನ ಬೇಕಾದರೂ ಮಂತ್ರಿಯಾಗುವ ಹಾಗಿಲ್ಲ. 2003ರ 91ನೇ ತಿದ್ದುಪಡಿಯ ನಂತರ ವಿಧಾನಸಭೆಯ ಬಲದ ಶೇಕಡಾ 15ಕ್ಕೆ ಮಿತಿ. ಹಾಗಾಗಿ ಮಹಾರಾಷ್ಟ್ರದಲ್ಲಿ ಮುಖ್ಯಮಂತ್ರಿ ಸೇರಿ 43.

ಸದನ ನಡೆಸುವವರು ಸ್ಪೀಕರ್. ನಾವು ಟೀವಿಯಲ್ಲಿ ನೋಡುವುದು ಅವರು ಗಂಟೆ ಬಾರಿಸಿ ‘ಕೂತ್ಕೊಳ್ಳಿ’ ಎನ್ನುವುದನ್ನು ಮಾತ್ರ. ಅವರ ನಿಜವಾದ ಅಧಿಕಾರ ಬೇರೆ ಕಡೆ ಇದೆ. ಯಾವ ಪ್ರಶ್ನೆ ಒಳಗೆ ಬರಬೇಕು, ಯಾವುದು ಬರಬಾರದು, ಯಾರಿಗೆ ಎಷ್ಟು ಹೊತ್ತು, ಪಕ್ಷ ಬದಲಿಸಿದ ಶಾಸಕ ಅನರ್ಹನೋ ಅಲ್ಲವೋ, ಇವೆಲ್ಲ ಅವರ ಕೈಯಲ್ಲಿ. ಆದರೂ ಆ ಅಧಿಕಾರಕ್ಕೆ ಒಂದು ಗಡಿ ಇದೆ. 2021ರ ಜುಲೈಯಲ್ಲಿ ಎರಡೇ ದಿನದ ಅಧಿವೇಶನ ಇತ್ತು. ಗಲಾಟೆಯ ಕಾರಣ ಕೊಟ್ಟು ಬಿಜೆಪಿಯ 12 ಶಾಸಕರನ್ನು ಸದನ ಒಂದು ವರ್ಷ ಅಮಾನತು ಮಾಡಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. 2022ರ ಜನವರಿ 28ರಂದು ತೀರ್ಪು ಬಂತು: ಆ ಅಧಿವೇಶನ ಮುಗಿಯುವವರೆಗೆ ಹೊರಗಿಡಬಹುದು, ಅದರಾಚೆಗೆ ಇಲ್ಲ.

ಆ ತೀರ್ಪಿನ ತರ್ಕ ನನಗೆ ಬಹಳ ಮುಖ್ಯ ಅನಿಸುತ್ತದೆ. ಶಾಸಕನನ್ನು ಉಚ್ಚಾಟಿಸಿದರೆ ಸ್ಥಾನ ಖಾಲಿಯಾಗುತ್ತದೆ, ಆರು ತಿಂಗಳೊಳಗೆ ಉಪಚುನಾವಣೆ ಆಗಿ ಕ್ಷೇತ್ರಕ್ಕೆ ಹೊಸ ಪ್ರತಿನಿಧಿ ಸಿಗುತ್ತಾರೆ. ಒಂದು ವರ್ಷ ಅಮಾನತು ಮಾಡಿದರೆ ಸ್ಥಾನ ಖಾಲಿಯೂ ಅಲ್ಲ, ಪ್ರತಿನಿಧಿಯೂ ಇಲ್ಲ. ಶಿಕ್ಷೆ ಶಾಸಕನಿಗೆ ಕೊಟ್ಟಂತೆ ಕಂಡರೂ ಅನುಭವಿಸುವವರು ಆ ಕ್ಷೇತ್ರದ ಮತದಾರರು. ಕುರ್ಚಿ ಶಾಸಕನ ಸ್ವಂತದ್ದಲ್ಲ, ಜನರದ್ದು ಎನ್ನುವುದನ್ನು ಅಷ್ಟು ಸರಳವಾಗಿ ಹೇಳಿದ ತೀರ್ಪು ಅದು.

ಇನ್ನು ವಿಧಾನ ಪರಿಷತ್ತು. ದೇಶದಲ್ಲಿ ಮೇಲ್ಮನೆ ಇರುವ ರಾಜ್ಯಗಳು ಆರೇ. ಅದರಲ್ಲಿ ಮಹಾರಾಷ್ಟ್ರವೂ ಕರ್ನಾಟಕವೂ ಇವೆ. ಮಹಾರಾಷ್ಟ್ರದ ಪರಿಷತ್ತಿನಲ್ಲಿ 78 ಜನ. ಶಾಸಕರು ಆರಿಸುವವರು 30, ಪಾಲಿಕೆ, ಜಿಲ್ಲಾ ಪರಿಷತ್ತುಗಳಂಥ ಸ್ಥಳೀಯ ಸಂಸ್ಥೆಗಳ ಸದಸ್ಯರು ಆರಿಸುವವರು 22, ಪದವೀಧರರು ಆರಿಸುವವರು 7, ಶಿಕ್ಷಕರು ಆರಿಸುವವರು 7, ರಾಜ್ಯಪಾಲರು ನಾಮಕರಣ ಮಾಡುವವರು 12. ಈ ಮನೆ ಎಂದೂ ವಿಸರ್ಜನೆಯಾಗುವುದಿಲ್ಲ. ಸದಸ್ಯರ ಅವಧಿ ಆರು ವರ್ಷ, ಎರಡು ವರ್ಷಕ್ಕೊಮ್ಮೆ ಮೂರನೇ ಒಂದು ಭಾಗ ನಿವೃತ್ತಿ.

ಇದು ಸೋತವರನ್ನು ಹಿಂಬಾಗಿಲಿನಿಂದ ಒಳಗೆ ತರುವ ಜಾಗ ಅಂತ ದೂರುವವರು ಜಾಸ್ತಿ. ದೂರಿನಲ್ಲಿ ಹುರುಳಿಲ್ಲ ಅನ್ನಲಾರೆ. 2019ರ ನವೆಂಬರ್ 28ರಂದು ಉದ್ಧವ್ ಠಾಕ್ರೆ ಮುಖ್ಯಮಂತ್ರಿಯಾದಾಗ ಅವರು ಯಾವ ಸದನದ ಸದಸ್ಯರೂ ಆಗಿರಲಿಲ್ಲ. ಹಾಗೆ ಮಂತ್ರಿಯಾದವರು ಆರು ತಿಂಗಳೊಳಗೆ ಸದಸ್ಯರಾಗಬೇಕು. ಅಷ್ಟರಲ್ಲಿ ಕೋವಿಡ್ ಬಂದು ಚುನಾವಣೆಗಳೆಲ್ಲ ನಿಂತವು. ನಾಮಕರಣ ಮಾಡಿ ಎಂದು ಸಂಪುಟ ರಾಜ್ಯಪಾಲರನ್ನು ಕೇಳಿತು, ಅದೂ ಆಗಲಿಲ್ಲ. ಕೊನೆಗೆ ಚುನಾವಣಾ ಆಯೋಗ ಪರಿಷತ್ತಿನ ಚುನಾವಣೆಗೆ ಒಪ್ಪಿ, 2020ರ ಮೇ ಮಧ್ಯದಲ್ಲಿ ಅವರು ಅವಿರೋಧವಾಗಿ ಆಯ್ಕೆಯಾದರು. ಗಡುವಿಗೆ ಎರಡೇ ವಾರ ಬಾಕಿ ಇತ್ತು. ಅದೇ ಸರ್ಕಾರ 2020ರ ನವೆಂಬರ್‌ನಲ್ಲಿ ನಾಮಕರಣಕ್ಕೆ ಕಳಿಸಿದ 12 ಹೆಸರುಗಳಂತೂ ರಾಜಭವನದಲ್ಲೇ ಉಳಿದವು. ಸರ್ಕಾರ ಬದಲಾಯಿತು, ಪಟ್ಟಿ ವಾಪಸಾಯಿತು, 2024ರ ಅಕ್ಟೋಬರ್‌ನಲ್ಲಿ ಏಳು ಜನ ಪ್ರಮಾಣವಚನ ತೆಗೆದುಕೊಂಡರು. ಸ್ಥಳೀಯ ಸಂಸ್ಥೆಗಳಿಗೆ ವರ್ಷಗಟ್ಟಲೆ ಚುನಾವಣೆ ನಡೆಯದೇ ಇದ್ದಾಗ ಆ ಕೋಟಾದ ಸ್ಥಾನಗಳೂ ಖಾಲಿ ಬಿದ್ದವು. ಓಟು ಹಾಕಬೇಕಾದ ಕಾರ್ಪೊರೇಟರುಗಳೇ ಇಲ್ಲ ಎಂದ ಮೇಲೆ ಆರಿಸುವವರು ಯಾರು?

ಆದರೂ ಈ ಮನೆಯಲ್ಲಿ ನಮಗೆ ಒಂದು ಬಾಗಿಲಿದೆ, ನಾವು ಅದನ್ನು ಬಳಸುವುದೇ ಇಲ್ಲ. ಪದವೀಧರರ ಏಳು ಕ್ಷೇತ್ರಗಳಲ್ಲಿ ಮುಂಬೈ, ಕೊಂಕಣ, ಪುಣೆ ಒಂದೊಂದು. ದಾದರ್, ಮಾಟುಂಗಾ, ಅಂಧೇರಿಯವರು ಮುಂಬೈ ಕ್ಷೇತ್ರಕ್ಕೆ. ಡೊಂಬಿವಲಿ, ಠಾಣೆ, ನವಿ ಮುಂಬೈಯವರು ಕೊಂಕಣ ಕ್ಷೇತ್ರಕ್ಕೆ. ಪದವಿ ಭಾರತದ ಯಾವ ವಿಶ್ವವಿದ್ಯಾಲಯದ್ದಾದರೂ ಆಗುತ್ತದೆ. ಧಾರವಾಡದ್ದಾದರೂ ಸರಿ, ಮೈಸೂರಿನದ್ದಾದರೂ ಸರಿ. ಪದವಿ ಮುಗಿದು ಮೂರು ವರ್ಷ ಆಗಿರಬೇಕು, ಆ ಕ್ಷೇತ್ರದಲ್ಲಿ ವಾಸ ಇರಬೇಕು. ಶಿಕ್ಷಕರ ಕ್ಷೇತ್ರದಲ್ಲಿ ಮಾಧ್ಯಮಿಕ ಶಾಲೆ ಮತ್ತು ಅದಕ್ಕೆ ಮೇಲಿನ ಸಂಸ್ಥೆಗಳಲ್ಲಿ ಕಳೆದ ಆರು ವರ್ಷದಲ್ಲಿ ಮೂರು ವರ್ಷವಾದರೂ ಪಾಠ ಮಾಡಿದವರು ಓಟು ಹಾಕಬಹುದು. ಕನ್ನಡ ಹೈಸ್ಕೂಲಿನ ಮೇಷ್ಟ್ರಿಗೂ ಆ ಹಕ್ಕಿದೆ. ಗಮನಿಸಬೇಕಾದ್ದು ಒಂದೇ. ಮಾಮೂಲಿ ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಇದಕ್ಕೆ ಸಾಲದು. ಈ ಪಟ್ಟಿ ಬೇರೆ, ಪ್ರತಿ ಚುನಾವಣೆಗೂ ಹೊಸದಾಗಿ ಮಾಡುತ್ತಾರೆ. ಪದವೀಧರರು 18ನೇ ನಮೂನೆ, ಶಿಕ್ಷಕರು 19ನೇ ನಮೂನೆ ತುಂಬಬೇಕು. ಕಳೆದ ಸಲ ತುಂಬಿದ್ದೆ ಅಂತ ಸುಮ್ನೆ ಕೂತರೆ ಹೆಸರು ಇರುವುದಿಲ್ಲ.

ಪರಿಷತ್ತಿನ ಬಲಕ್ಕೆ ಮಿತಿ ಇದೆ. ಹಣದ ಮಸೂದೆಯನ್ನು 14 ದಿನದಲ್ಲಿ ವಾಪಸು ಕಳಿಸಬೇಕು. ಬೇರೆ ಮಸೂದೆಯನ್ನು ಮೊದಲ ಸಲ ಮೂರು ತಿಂಗಳು, ವಿಧಾನಸಭೆ ಮತ್ತೆ ಪಾಸು ಮಾಡಿ ಕಳಿಸಿದರೆ ಇನ್ನೊಂದು ತಿಂಗಳು ತಡೆಯಬಹುದು. ಆಮೇಲೆ ವಿಧಾನಸಭೆಯ ಮಾತೇ ನಡೆಯುತ್ತದೆ. ಸಂಸತ್ತಿನಲ್ಲಿ ಇರುವ ಹಾಗೆ ಎರಡೂ ಸದನ ಸೇರಿ ಓಟು ಹಾಕಿ ಜಗಳ ಬಗೆಹರಿಸುವ ದಾರಿ ರಾಜ್ಯಗಳಲ್ಲಿ ಇಲ್ಲ.

ಗೋವಾದಲ್ಲಿ ಇಷ್ಟು ಗೋಜಲಿಲ್ಲ. ಒಂದೇ ಸದನ, 40 ಶಾಸಕರು. ಕೇಂದ್ರಾಡಳಿತ ಪ್ರದೇಶವಾಗಿದ್ದಾಗ 30 ಇದ್ದರು, 1987ರ ಮೇ 30ರಂದು ರಾಜ್ಯವಾದ ಮೇಲೆ 40. ಮೊದಲು ಸದನ ಕೂರುತ್ತಿದ್ದದ್ದು ಪಣಜಿಯ ಮಾಂಡವಿ ದಂಡೆಯ ಆದಿಲಶಾಹಿ ಅರಮನೆಯಲ್ಲಿ, ಅಂದರೆ ನಮ್ಮ ವಿಜಯಪುರದ ಸುಲ್ತಾನರ ಕಟ್ಟಡದಲ್ಲಿ. 2000ದಲ್ಲಿ ಹೊಳೆಯಾಚೆ ಪರ್ವರಿಯ ಹೊಸ ಕಟ್ಟಡಕ್ಕೆ ಹೋಯಿತು. ಸಣ್ಣ ಸದನ ಆದ್ದರಿಂದ ಲೆಕ್ಕವೂ ಬೇರೆ. ಮಂತ್ರಿಗಳಿಗೆ ಶೇಕಡಾ 15ರ ಮಿತಿ ಹಾಕಿದರೆ ಆರೇ ಜನ ಆಗಬೇಕು. ಆದರೆ 12ಕ್ಕಿಂತ ಕಡಿಮೆ ಇರಬೇಕಿಲ್ಲ ಎಂಬ ರಿಯಾಯಿತಿ ಸಣ್ಣ ರಾಜ್ಯಗಳಿಗೆ ಇದೆ. ಹಾಗಾಗಿ 40ರಲ್ಲಿ 12 ಜನ ಮಂತ್ರಿಗಳು. ಉಳಿದವರಲ್ಲಿ ಸ್ಪೀಕರ್, ಡೆಪ್ಯುಟಿ ಸ್ಪೀಕರ್ ಬಿಟ್ಟರೆ ಸರ್ಕಾರವನ್ನು ಪ್ರಶ್ನೆ ಮಾಡಲು ಎಷ್ಟು ಜನ ಉಳಿದರು?

ಪಕ್ಷಾಂತರದ ಲೆಕ್ಕವೂ ಅಲ್ಲಿ ಸಲೀಸು. ಶಾಸಕಾಂಗ ಪಕ್ಷದ ಮೂರನೇ ಎರಡು ಭಾಗ ಒಟ್ಟಿಗೆ ವಿಲೀನಕ್ಕೆ ಒಪ್ಪಿದರೆ ಅನರ್ಹತೆ ತಟ್ಟುವುದಿಲ್ಲ ಎನ್ನುತ್ತದೆ ಸಂವಿಧಾನದ ಹತ್ತನೇ ಷೆಡ್ಯೂಲ್. 2019ರ ಜುಲೈಯಲ್ಲಿ ಕಾಂಗ್ರೆಸ್ಸಿನ 15ರಲ್ಲಿ 10 ಜನ ಬಿಜೆಪಿಗೆ ಹೋದರು. 2022ರ ಸೆಪ್ಟೆಂಬರ್‌ನಲ್ಲಿ 11ರಲ್ಲಿ 8 ಜನ. ದೊಡ್ಡ ಸದನದಲ್ಲಿ ಮೂರನೇ ಎರಡು ಭಾಗ ಕೂಡಿಸುವುದು ಕಷ್ಟ. ಇಲ್ಲಿ ಎರಡು ಮೂರು ಕಾರಿನಲ್ಲಿ ಹಿಡಿಸುವಷ್ಟು ಜನ ಸಾಕು. ವಾಸ್ಕೊ, ಝುವಾರಿನಗರದಲ್ಲಿರುವ ನಮ್ಮ ಉತ್ತರ ಕರ್ನಾಟಕದ ದುಡಿಯುವ ಕುಟುಂಬಗಳು ಒಂದು ಪಕ್ಷಕ್ಕೆ ಓಟು ಹಾಕಿ ಮನೆಗೆ ಬಂದರೆ, ಅದು ಇನ್ನೊಂದು ಪಕ್ಷದ ಲೆಕ್ಕಕ್ಕೆ ಹೋಗಿರುತ್ತದೆ. ನನಗೆ ಇದು ನ್ಯಾಯ ಅನಿಸುವುದಿಲ್ಲ.

ಈಗ ಯಾವಾಗ ಕೂರುತ್ತದೆ ಎನ್ನುವುದು. ನಾನು ಹೇಳಬೇಕೆಂದಿದ್ದ ಮುಖ್ಯ ಮಾತು ಇಲ್ಲಿದೆ. ಸಂವಿಧಾನದ 174ನೇ ವಿಧಿ ಹೇಳುವುದು ಇಷ್ಟೇ: ಒಂದು ಅಧಿವೇಶನದ ಕೊನೆಯ ದಿನಕ್ಕೂ ಮುಂದಿನದರ ಮೊದಲ ದಿನಕ್ಕೂ ನಡುವೆ ಆರು ತಿಂಗಳು ದಾಟಬಾರದು. ವರ್ಷಕ್ಕೆ ಎಷ್ಟು ದಿನ ಕೂರಬೇಕು ಎಂದು ಅದರಲ್ಲಿ ಎಲ್ಲೂ ಇಲ್ಲ. ಬಜೆಟ್, ಮಳೆಗಾಲ, ಚಳಿಗಾಲ ಎಂಬ ಮೂರು ಅಧಿವೇಶನಗಳು ರೂಢಿಯಿಂದ ಬಂದವು. ಸದನವನ್ನು ಕರೆಯುವವರು ರಾಜ್ಯಪಾಲರು ಅಂತ ಬರೆದಿದ್ದರೂ ಅವರು ನಡೆಯಬೇಕಾದ್ದು ಸಂಪುಟದ ಸಲಹೆಯಂತೆ. ಅಂದರೆ ಪ್ರಶ್ನೆಗೆ ಉತ್ತರ ಕೊಡಬೇಕಾದ ಸರ್ಕಾರವೇ ತನ್ನನ್ನು ಯಾವಾಗ, ಎಷ್ಟು ದಿನ ಪ್ರಶ್ನೆ ಮಾಡಬಹುದು ಅಂತ ತೀರ್ಮಾನಿಸುತ್ತದೆ. ದಿನದ ಲೆಕ್ಕವನ್ನು ಕಾರ್ಯಕಲಾಪ ಸಲಹಾ ಸಮಿತಿ ಕೂತು ಹಂಚುತ್ತದೆ. ಅದರಲ್ಲಿ ವಿರೋಧ ಪಕ್ಷದವರೂ ಇರುತ್ತಾರೆ, ಆದರೆ ಬಹುಮತ ಸರ್ಕಾರದ್ದೇ.

ಎರಡು ದಿನದ ಅಧಿವೇಶನವೂ ಅಧಿವೇಶನವೇ. ಆರು ತಿಂಗಳ ಷರತ್ತು ಪೂರೈಸಿದ ಹಾಗಾಯಿತು. 2020ರಲ್ಲಿ ಮಹಾರಾಷ್ಟ್ರದ ಮಳೆಗಾಲದ ಅಧಿವೇಶನ ಸೆಪ್ಟೆಂಬರ್‌ನಲ್ಲಿ ಎರಡು ದಿನ, ಚಳಿಗಾಲದ್ದು ಮುಂಬೈಯಲ್ಲೇ ಡಿಸೆಂಬರ್ 14 ಮತ್ತು 15, ಎರಡೇ ದಿನ. ಆಗ ಕೋವಿಡ್ ಇತ್ತು, ಒಪ್ಪೋಣ. ಆದರೆ ಕೋವಿಡ್ ಇಲ್ಲದ ವರ್ಷದಲ್ಲೂ ನಾಗಪುರದ ಅಧಿವೇಶನ ಒಂದು, ಎರಡು ವಾರಕ್ಕೆ ಮುಗಿಯುವುದೇ ಹೆಚ್ಚು. 2024ರ ಡಿಸೆಂಬರ್‌ನಲ್ಲಿ 16ಕ್ಕೆ ಶುರುವಾಗಿ 21ಕ್ಕೆ ಮುಗಿಯಿತು. ಇಡೀ ಸರ್ಕಾರ ಅಷ್ಟು ದೂರ ಹೋಗಿ ಒಂದೇ ವಾರ ಕೂತರೆ, 1953ರಲ್ಲಿ ವಿದರ್ಭಕ್ಕೆ ಕೊಟ್ಟ ಮಾತಿನ ಅಕ್ಷರ ಉಳಿಯಿತೇ ಹೊರತು ಅರ್ಥ ಉಳಿಯಲಿಲ್ಲ.

ಜನ ಮಾತ್ರ ಈ ದಿನಗಳ ಬೆಲೆಯನ್ನು ಬಹಳ ಹಿಂದೆಯೇ ಅರಿತಿದ್ದಾರೆ. ದೂರದ ಹಳ್ಳಿಗಳಿಂದ ಮೋರ್ಚಾಗಳು ಬರುವುದು ಅಧಿವೇಶನ ನಡೆಯುವಾಗ, ಯಾಕೆಂದರೆ ಆಗ ಮಂತ್ರಿ ಒಳಗೆ ಎದ್ದು ನಿಂತು ಉತ್ತರ ಕೊಡಲೇಬೇಕು. 1994ರ ನವೆಂಬರ್ 23ರಂದು ನಾಗಪುರದಲ್ಲಿ ಅಧಿವೇಶನದ ಹೊತ್ತಿಗೆ ಗೋವಾರಿ ಸಮುದಾಯದ ಸಾವಿರಾರು ಜನ ತಮ್ಮನ್ನು ಪರಿಶಿಷ್ಟ ಪಂಗಡವೆಂದು ಗುರುತಿಸಿ ಎಂದು ಕೇಳಲು ಬಂದಿದ್ದರು. ಕಾಲ್ತುಳಿತದಲ್ಲಿ 114 ಜನ ಸತ್ತರು, ಬಹಳಷ್ಟು ಹೆಂಗಸರು, ಮಕ್ಕಳು. 2018ರ ಮಾರ್ಚ್‌ನಲ್ಲಿ ನಾಸಿಕದಿಂದ ಸುಮಾರು 180 ಕಿಲೋಮೀಟರ್ ನಡೆದು ರೈತರು ಮುಂಬೈಗೆ ಬಂದದ್ದೂ ಬಜೆಟ್ ಅಧಿವೇಶನದ ನಡುವೆಯೇ. ಹತ್ತನೇ ಕ್ಲಾಸಿನ ಮಕ್ಕಳ ಪರೀಕ್ಷೆಗೆ ತೊಂದರೆ ಆಗಬಾರದು ಅಂತ ರಾತ್ರಿಯೇ ಊರೊಳಗೆ ನಡೆದು ಆಜಾದ್ ಮೈದಾನ ಸೇರಿದರು.

ಸದನ ನಿಲ್ಲುವುದಕ್ಕೂ ಮೂರು ಬಗೆ ಇದೆ, ಇದರಲ್ಲಿ ಗೊಂದಲ ಜಾಸ್ತಿ. ಸ್ಪೀಕರ್ ಆ ಹೊತ್ತಿಗೆ ಅಥವಾ ಮುಂದಿನ ದಿನಕ್ಕೆ ಸದನ ನಿಲ್ಲಿಸಿದರೆ ಅದು ಮುಂದೂಡಿಕೆ. ಅಧಿವೇಶನವನ್ನೇ ರಾಜ್ಯಪಾಲರು ಮುಗಿಸಿದರೆ ಸದನ ಮುಂದಿನ ಕರೆಯವರೆಗೆ ಸೇರುವುದಿಲ್ಲ, ಆದರೆ ಬಾಕಿ ಮಸೂದೆಗಳು ಬದುಕಿರುತ್ತವೆ. ವಿಧಾನಸಭೆಯೇ ವಿಸರ್ಜನೆಯಾದರೆ ಅದರ ಮುಂದೆ ಬಾಕಿ ಇದ್ದ ಮಸೂದೆಗಳೂ ಸಾಯುತ್ತವೆ. ಎಡಪಂಥೀಯ ಉಗ್ರವಾದ ತಡೆಯಲು ಎಂದು ಸರ್ಕಾರ ತಂದ ಮಹಾರಾಷ್ಟ್ರ ವಿಶೇಷ ಜನಸುರಕ್ಷಾ ಮಸೂದೆಗೆ ಹಾಗೇ ಆಯಿತು. 2024ರ ಜುಲೈಯಲ್ಲಿ ಮಂಡಿಸಿದರು, ಅಷ್ಟರಲ್ಲಿ ಚುನಾವಣೆ ಬಂದು ಮಸೂದೆ ಬಿದ್ದುಹೋಯಿತು. ಡಿಸೆಂಬರ್‌ನಲ್ಲಿ ನಾಗಪುರದಲ್ಲಿ ಮತ್ತೆ ಮಂಡಿಸಿ, ಎರಡೂ ಸದನಗಳ ಜಂಟಿ ಸಮಿತಿಗೆ ಕಳಿಸಿದರು. ಸಮಿತಿಗೆ ಜನರಿಂದ 12,000ಕ್ಕೂ ಹೆಚ್ಚು ಸಲಹೆ, ಆಕ್ಷೇಪ ಬಂದವು. ಕೆಲವು ತಿದ್ದುಪಡಿಗಳಾಗಿ 2025ರ ಜುಲೈಯಲ್ಲಿ ಪಾಸಾಯಿತು. ಕಾನೂನಿನ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ಸಮಿತಿಗೆ ಕಳಿಸಿದ್ದರಿಂದ ಸಾಮಾನ್ಯ ಜನಕ್ಕೂ ಬರೆದು ತಿಳಿಸಲು ಒಂದು ಅವಕಾಶ ಸಿಕ್ಕಿತು. ಬೆಳಿಗ್ಗೆ ಮಂಡಿಸಿ ಸಂಜೆ ಪಾಸು ಮಾಡುವ ಮಸೂದೆಯಲ್ಲಿ ಅದು ಸಿಗುವುದಿಲ್ಲ.

ಸದನ ಕೂರದ ಕಾಲದಲ್ಲಿ ಸರ್ಕಾರಕ್ಕೆ ಇನ್ನೊಂದು ದಾರಿ ಇದೆ, ಸುಗ್ರೀವಾಜ್ಞೆ. ತುರ್ತು ಇದ್ದಾಗ ರಾಜ್ಯಪಾಲರ ಸಹಿಯಿಂದ ಕಾನೂನು ಜಾರಿ. ಸದನ ಮತ್ತೆ ಸೇರಿ ಆರು ವಾರದಲ್ಲಿ ಅದು ತಾನಾಗಿ ಬೀಳುತ್ತದೆ, ಅಷ್ಟರಲ್ಲಿ ಸದನ ಒಪ್ಪಿ ಕಾನೂನು ಮಾಡಬೇಕು. ಇದರ ದುರುಪಯೋಗವನ್ನು ಹಿಡಿದು ತೋರಿಸಿದವರು ಪುಣೆಯವರು ಎನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಅಲ್ಲಿನ ಗೋಖಲೆ ಇನ್‌ಸ್ಟಿಟ್ಯೂಟ್‌ನ ಪ್ರಾಧ್ಯಾಪಕ ಡಿ.ಸಿ. ವಾಧ್ವಾ ಬಿಹಾರದ ಜಮೀನಿನ ವಿಷಯ ಅಧ್ಯಯನ ಮಾಡುತ್ತಿದ್ದಾಗ ವಿಚಿತ್ರ ಒಂದು ಕಂಡಿತು. ಸದನದ ಮುಂದೆ ಇಡದೆ, ಅವಧಿ ಮುಗಿದ ಕೂಡಲೇ ಅದೇ ಸುಗ್ರೀವಾಜ್ಞೆಯನ್ನು ಮತ್ತೆ ಮತ್ತೆ ಹೊರಡಿಸುತ್ತಿದ್ದರು. 1967ರಿಂದ 1981ರವರೆಗೆ ಹಾಗೆ ಜೀವ ಹಿಡಿದು ಇಟ್ಟವು 256. ಕೆಲವು ಹದಿನಾಲ್ಕು ವರ್ಷದವರೆಗೆ ನಡೆದವು. ಅವರು ಸುಪ್ರೀಂ ಕೋರ್ಟಿಗೆ ಹೋದರು. ತಾವು ಬಿಹಾರದವರೂ ಅಲ್ಲ, ಆ ಆಜ್ಞೆಗಳಿಂದ ನಷ್ಟವಾದವರೂ ಅಲ್ಲ. ಆದರೂ ಇದನ್ನು ಕೇಳುವ ಹಕ್ಕು ಒಬ್ಬ ನಾಗರಿಕನಿಗೆ ಇದೆ ಎಂದು ಕೋರ್ಟು ಒಪ್ಪಿತು. 1986ರ ಡಿಸೆಂಬರ್ 20ರ ತೀರ್ಪು ಇದನ್ನು ಸಂವಿಧಾನಕ್ಕೆ ಮಾಡಿದ ಮೋಸ ಎಂದಿತು. ಅವರ ಶ್ರಮಕ್ಕೆ 10,000 ರೂಪಾಯಿ ಖರ್ಚು ಕೊಡಿಸಿತು. ಒಬ್ಬ ಮೇಷ್ಟ್ರು ಹಳೆಯ ಗೆಜೆಟ್‌ಗಳನ್ನು ತಿರುವಿ ಹಾಕಿ ಇಡೀ ದೇಶದ ಸದನಗಳ ಮರ್ಯಾದೆ ಕಾಪಾಡಿದರು ಎನ್ನುವುದು ನನಗೆ ಇವತ್ತಿಗೂ ಹೆಮ್ಮೆಯ ವಿಷಯ.

ಬಜೆಟ್ ಅಧಿವೇಶನ ಫೆಬ್ರುವರಿ ಕೊನೆ ಅಥವಾ ಮಾರ್ಚ್‌ನಲ್ಲಿ, ಮುಂಬೈಯಲ್ಲಿ. ವರ್ಷದ ಮೊದಲ ಅಧಿವೇಶನ ಆದ್ದರಿಂದ ರಾಜ್ಯಪಾಲರ ಭಾಷಣದಿಂದ ಶುರು. ಅದನ್ನು ಓದುವುದು ಅವರು, ಬರೆಯುವುದು ಸರ್ಕಾರ. ಚುನಾವಣೆ ಹತ್ತಿರ ಇದ್ದರೆ ಕೆಲವು ತಿಂಗಳ ಖರ್ಚಿಗೆ ಮಾತ್ರ ಅನುಮತಿ ಪಡೆಯುತ್ತಾರೆ, ಅದು ಲೇಖಾನುದಾನ. 2024ರಲ್ಲಿ ಹಾಗೆಯೇ ಫೆಬ್ರುವರಿಯಲ್ಲಿ ಮಧ್ಯಂತರ ಬಜೆಟ್, ಜೂನ್ 28ರಂದು ಪೂರ್ತಿ ಬಜೆಟ್ ಬಂತು. ಹೆಂಗಸರಿಗೆ ತಿಂಗಳಿಗೆ 1,500 ರೂಪಾಯಿಯ ಲಾಡ್ಕಿ ಬಹಿಣ್ ಯೋಜನೆ ಘೋಷಣೆಯಾದದ್ದು ಆ ದಿನ. ಬೆನ್ನಿಗೇ ಜುಲೈಯಲ್ಲಿ 94,889 ಕೋಟಿ ರೂಪಾಯಿಯ ಪೂರಕ ಬೇಡಿಕೆಗಳು, ಅಂದರೆ ಬಜೆಟ್‌ನಾಚೆಯ ಹೆಚ್ಚುವರಿ ಖರ್ಚಿಗೆ ಸದನದ ಅನುಮತಿ ಕೇಳುವ ಬೇಡಿಕೆಗಳು ಬಂದವು. ಬಜೆಟ್ ದಿನ ಟೀವಿ ಮುಂದೆ ಕೂರುವ ನಾವು ಪೂರಕ ಬೇಡಿಕೆಯ ದಿನ ತಿರುಗಿ ನೋಡುವುದಿಲ್ಲ. ದೊಡ್ಡ ಮೊತ್ತ ಅಲ್ಲೂ ಹೋಗುತ್ತದೆ.

ಅಧಿವೇಶನದ ಮುನ್ನಾದಿನ ಮುಖ್ಯಮಂತ್ರಿ ಚಹಾಕೂಟ ಇಡುವುದು, ವಿರೋಧ ಪಕ್ಷ ಅದನ್ನು ಬಹಿಷ್ಕರಿಸುವುದು ಮಹಾರಾಷ್ಟ್ರದ ಸಂಪ್ರದಾಯ. ಸದನದ ದಿನ ಪ್ರಶ್ನೋತ್ತರದಿಂದ ಶುರುವಾಗುತ್ತದೆ. ತಾರಾಂಕಿತ ಪ್ರಶ್ನೆಗೆ ಮಂತ್ರಿ ಬಾಯಿಂದ ಉತ್ತರ ಕೊಡಬೇಕು, ಶಾಸಕರು ಉಪಪ್ರಶ್ನೆ ಕೇಳಬಹುದು. ತಾರೆ ಇಲ್ಲದ ಪ್ರಶ್ನೆಗೆ ಲಿಖಿತ ಉತ್ತರ. ಆಮೇಲೆ ಗಮನ ಸೆಳೆಯುವ ಸೂಚನೆಗಳು. ಮರಾಠಿ ಪೇಪರುಗಳಲ್ಲಿ ‘ಲಕ್ಷವೇಧಿ’ ಅಂತ ಬರುವುದು ಇವೇ. ಕಟ್ಟಡ ಕುಸಿತ, ಲೋಕಲ್ ರೈಲಿನ ಹಳಿ ಪಕ್ಕದ ಸಮಸ್ಯೆ, ಸೊಸೈಟಿ ಮರುನಿರ್ಮಾಣದಲ್ಲಿ ಬಿಲ್ಡರ್ ಕೈಕೊಟ್ಟದ್ದು, ಇಂಥವು ಸದನದ ಕಿವಿಗೆ ಬೀಳುವುದು ಹೆಚ್ಚಾಗಿ ಈ ದಾರಿಯಿಂದ. ಮಸೂದೆಗಳು, ಹಣದ ಬೇಡಿಕೆಗಳು ನಂತರ. ಶುಕ್ರವಾರ ಮಂತ್ರಿಯಲ್ಲದ ಶಾಸಕರು ತಾವೇ ತಂದ ಮಸೂದೆ, ನಿರ್ಣಯಗಳಿಗೆ ಸ್ವಲ್ಪ ಹೊತ್ತು. ಕೋರಂ, ಅಂದರೆ ಸದನ ನಡೆಯಲು ಹಾಜರಿರಲೇಬೇಕಾದ ಸದಸ್ಯರ ಸಂಖ್ಯೆ, ಹತ್ತನೇ ಒಂದು ಭಾಗ ಅಥವಾ ಹತ್ತು ಜನ, ಯಾವುದು ಹೆಚ್ಚೋ ಅದು. ಮಹಾರಾಷ್ಟ್ರ ವಿಧಾನಸಭೆಗೆ 29, ಗೋವಾಕ್ಕೆ 10. ಸಂಜೆಯ ಹೊತ್ತಿಗೆ ಸದನದಲ್ಲಿ ಖಾಲಿ ಬೆಂಚುಗಳೇ ಕಾಣುತ್ತವೆ, ಮಾತು ಮುಂದುವರಿಯುತ್ತದೆ.

ವಿರೋಧ ಪಕ್ಷದ ನಾಯಕನ ಸ್ಥಾನಕ್ಕೂ ಇದೇ ಹತ್ತನೇ ಒಂದು ಭಾಗದ ಅಳತೆಯನ್ನು ರೂಢಿಯಲ್ಲಿ ಹಾಕುತ್ತಾರೆ. 2024ರ ಚುನಾವಣೆಯಲ್ಲಿ ವಿರೋಧದ ಅತಿ ದೊಡ್ಡ ಪಕ್ಷಕ್ಕೆ ಸಿಕ್ಕಿದ್ದು 20. ಹೊಸ ವಿಧಾನಸಭೆ ಆ ನಾಯಕನಿಲ್ಲದೆಯೇ ಕೆಲಸ ಶುರು ಮಾಡಿತು. ಹತ್ತನೇ ಒಂದು ಭಾಗ ಬೇಕು ಅಂತ ಸಂವಿಧಾನದಲ್ಲಿ ಎಲ್ಲೂ ಬರೆದಿಲ್ಲ. ಸಂಖ್ಯೆ ಕಡಿಮೆ ಇದ್ದಾಗಲೇ ಆ ಸ್ಥಾನದ ಅಗತ್ಯ ಹೆಚ್ಚು ಎನ್ನುವುದು ನನ್ನ ನಂಬಿಕೆ.

ಈ ಸದನ ನಮಗೆ ಪರಕೀಯ ಅನ್ನುವವರಿಗೆ ಒಂದು ಹಳೆಯ ವಿಷಯ ನೆನಪಿಸಬೇಕು. 1956ರ ನವೆಂಬರ್‌ವರೆಗೆ ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರ ಎಲ್ಲ ಮುಂಬೈ ರಾಜ್ಯದಲ್ಲೇ ಇದ್ದವು. ಅಲ್ಲಿನ ಕನ್ನಡಿಗರು ಆರಿಸಿದ ಶಾಸಕರು ರೈಲು ಹತ್ತಿ ಮುಂಬೈಯ ಸದನಕ್ಕೆ ಬರುತ್ತಿದ್ದರು. ಜಮಖಂಡಿಯ ಬಿ.ಡಿ. ಜತ್ತಿ ಮುಂಬೈ ಸರ್ಕಾರದಲ್ಲಿ ಉಪಮಂತ್ರಿಯಾಗಿದ್ದರು. ಎಸ್.ಆರ್. ಕಂಠಿ ಮುಂಬೈ ವಿಧಾನಸಭೆಯ ಉಪಾಧ್ಯಕ್ಷರಾಗಿ ಕೆಲಸ ಮಾಡಿದ ಮೇಲೆ ಮೈಸೂರು ವಿಧಾನಸಭೆಯ ಅಧ್ಯಕ್ಷರಾದರು. ಇಬ್ಬರೂ ಮುಂದೆ ಮೈಸೂರು ರಾಜ್ಯದ ಮುಖ್ಯಮಂತ್ರಿಗಳಾದರು. ಸದನ ನಡೆಸುವ ಪಾಠ ಅವರು ಕಲಿತದ್ದು ಮುಂಬೈಯಲ್ಲಿ. ಪುಣೆ ಕ್ಯಾಂಪ್ ಹತ್ತಿರದ ಕೌನ್ಸಿಲ್ ಹಾಲ್ ನೋಡಿದ್ದೀರಲ್ಲ? ಬ್ರಿಟಿಷರ ಕಾಲದಲ್ಲಿ ಮಳೆಗಾಲದ ಸದನ ಅಲ್ಲಿ ಸೇರುತ್ತಿತ್ತು. ಸದನ ಊರೂರು ತಿರುಗುವುದು ನಾಗಪುರದಿಂದ ಶುರುವಾದ ಪದ್ಧತಿಯೇನಲ್ಲ. ಇನ್ನೂ ಒಂದು ವಿಷಯ. ರಾಜ್ಯದ ಭಾಷೆ, ಹಿಂದಿ, ಇಂಗ್ಲಿಷ್ ಯಾವುದರಲ್ಲೂ ಸರಿಯಾಗಿ ಮಾತಾಡಲು ಬಾರದ ಸದಸ್ಯರಿಗೆ ಮಾತೃಭಾಷೆಯಲ್ಲಿ ಮಾತಾಡಲು ಸ್ಪೀಕರ್ ಅನುಮತಿ ಕೊಡಬಹುದು ಎನ್ನುತ್ತದೆ 210ನೇ ವಿಧಿ.

ಕೆಲಸಕ್ಕೆ ಬರುವ ಕೊನೆಯ ಮಾತು. ನಿಮ್ಮ ಕನ್ನಡ ಶಾಲೆಗೆ ಮೇಷ್ಟ್ರ ಹುದ್ದೆ ತುಂಬಿಲ್ಲವೋ, ಸೊಸೈಟಿಯ ಕಡತ ವರ್ಷದಿಂದ ಅಲುಗಾಡಿಲ್ಲವೋ, ಅದನ್ನು ಶಾಸಕರ ಮೂಲಕ ಸದನದಲ್ಲಿ ಕೇಳಿಸಬೇಕೆಂದಿದ್ದರೆ ಅಧಿವೇಶನ ಶುರುವಾದ ಮೇಲೆ ಹೋಗಿ ಲಾಭವಿಲ್ಲ. ತಾರಾಂಕಿತ ಪ್ರಶ್ನೆಗೆ ವಾರಗಟ್ಟಲೆ ಮೊದಲೇ ನೋಟಿಸ್ ಕೊಟ್ಟಿರಬೇಕು. ಚಳಿಗಾಲದ ಅಧಿವೇಶನಕ್ಕಾದರೆ ದೀಪಾವಳಿ ಆಸುಪಾಸಿನಲ್ಲಿ, ಬಜೆಟ್ ಅಧಿವೇಶನಕ್ಕಾದರೆ ಸಂಕ್ರಾಂತಿ ಹೊತ್ತಿಗೆ, ಮಳೆಗಾಲದ್ದಕ್ಕೆ ಮೇ ತಿಂಗಳಲ್ಲಿ ಶಾಸಕರ ಕಚೇರಿಗೆ ಹೋಗಿ. ಹೇಳಬೇಕಾದ್ದನ್ನು ಒಂದೇ ಪುಟದಲ್ಲಿ, ಮರಾಠಿಯಲ್ಲಿ ಬರೆದುಕೊಂಡು ಹೋಗಿ. ಇಲಾಖೆಗೆ ಹಿಂದೆ ಕೊಟ್ಟ ಅರ್ಜಿಯ ನಂಬರು, ತಾರೀಖು ಅದರಲ್ಲಿ ಇರಲಿ. ಶಾಲೆಯ ವಿಷಯವಾದರೆ ಶಿಕ್ಷಕರ ಕ್ಷೇತ್ರದ ಪರಿಷತ್ ಸದಸ್ಯರಿಗೂ ಒಂದು ಪ್ರತಿ ಕೊಡಿ. ಅದೇ ಪ್ರಶ್ನೆಯನ್ನು ಅವರು ಮೇಲ್ಮನೆಯಲ್ಲಿ ಕೇಳಬಹುದು.